ವಿರಳ ನಾಣ್ಯ ಯಾರ ಕಪಾಟಿಗೆ?

2006ರಲ್ಲಿ ಕೇಂದ್ರ ಸರ್ಕಾರ ಬಸವೇಶ್ವರರ ಸ್ಮರಣಾರ್ಥ ಎರಡು ನಾಣ್ಯಗಳನ್ನು ಹೊರತಂದಿತು. ಒಂದರ ಮುಖಬೆಲೆ ಐದು ರೂಪಾಯಿ, ಇನ್ನೊಂದರದು ನೂರು. ಐದರ ನಾಣ್ಯ ಕಂಡಕ್ಟರರ ಚೀಲ, ಸಂತೆಯ ತರಕಾರಿ ಅಂಗಡಿಗಳನ್ನು ಹಾದು ನಮ್ಮೆಲ್ಲರ ಜೇಬಿಗೂ ಬಂದಿತು. ನೂರರ ನಾಣ್ಯ ಮಾತ್ರ ಟಂಕಸಾಲೆಯ ಅಂದದ ಪೆಟ್ಟಿಗೆಯಲ್ಲಿ ಕುಳಿತು, ಮುಂಗಡ ಹಣ ಕಟ್ಟಿದವರ ಕಪಾಟು ಸೇರಿತು. ಮಹಾಪುರುಷ ಒಬ್ಬನೇ, ದಾರಿ ಮಾತ್ರ ಎರಡು. ಸೀಮಿತ ಸಂಖ್ಯೆಯ ವಿಶೇಷ ನಾಣ್ಯ ಸೆಟ್‌ಗಳ ಬಗ್ಗೆ ಸಂಗ್ರಾಹಕರ ನಡುವೆ ಇರುವ ವಾದವೆಲ್ಲ ಈ ಎರಡು ದಾರಿಗಳ ಸುತ್ತಲೇ ನಡೆಯುತ್ತದೆ.

ಹೊಸಪೇಟೆ, ಸಂಡೂರು, ಕಂಪ್ಲಿಗಳ ಹವ್ಯಾಸಿಗಳೊಂದಿಗೆ ನನಗೆ ಬಹುಕಾಲದ ಒಡನಾಟವಿದೆ. ಸಂಡೂರಿನ ಮಿತ್ರರೊಬ್ಬರು ಅದಿರಿನ ಭರಾಟೆಯ ವರ್ಷಗಳಲ್ಲಿ ಗಳಿಸಿದ್ದರಲ್ಲಿ ಒಂದಿಷ್ಟನ್ನು ಪ್ರೂಫ್ ಸೆಟ್‌ಗಳಿಗೆ ಹಾಕಿದವರು. 'ಎಲ್ಲರಿಗೂ ಸಿಗುವುದಾದರೆ ನಾನೇಕೆ ಅಷ್ಟು ಬೆಲೆ ಕೊಡಲಿ?' ಎಂಬುದು ಅವರ ಪ್ರಶ್ನೆ. ಕಂಪ್ಲಿಯ ಶಾಲಾ ಶಿಕ್ಷಕರೊಬ್ಬರ ಪ್ರಶ್ನೆ ಬೇರೆ: 'ಎಷ್ಟು ಟಂಕಿಸಿದ್ದಾರೆಂದು ಹೇಳದೆ ವಿರಳವೆಂದರೆ ನಂಬುವುದು ಹೇಗೆ?' ಹೊಸಪೇಟೆಯ ವರ್ತಕರೊಬ್ಬರು ಇಬ್ಬರ ಮಾತನ್ನೂ ಕೇಳಿ ನಗುತ್ತಾರೆ. ಇಂದು ಕೊಂಡವರಲ್ಲಿ ಅನೇಕರು ನಾಳೆಯೇ ಮಾರಲು ತಮ್ಮ ಬಳಿಗೆ ಬರುವುದನ್ನು ಅವರು ಕಂಡಿದ್ದಾರೆ.

ಈ ಮೂರು ಮಾತುಗಳಲ್ಲಿ ಶಿಕ್ಷಕರದು ಹೆಚ್ಚು ನ್ಯಾಯವಾದುದೆಂದು ನನಗೆ ಅನ್ನಿಸುತ್ತದೆ. ಏಕೆಂದರೆ ವಿರಳತೆಯಲ್ಲಿ ಎರಡು ಬಗೆ: ಕಾಲ ಮಾಡಿದ್ದು ಒಂದು, ಮಾರಾಟದ ಕೌಂಟರ್ ಮಾಡಿದ್ದು ಇನ್ನೊಂದು.

ಮೊದಲನೆಯದನ್ನು ತಿಳಿಯಲು ಹಂಪಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್ ಇಲ್ಲಿನ ನಾಣ್ಯ ವ್ಯವಸ್ಥೆಯನ್ನು ವಿವರವಾಗಿ ದಾಖಲಿಸಿದ್ದಾನೆ. ಚಿನ್ನದ ವರಹ, ಅದರರ್ಧ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಭಾಗ ಹಣ. ಅವುಗಳ ಕೆಳಗೆ ಬೆಳ್ಳಿಯ ತಾರ, ತಾಮ್ರದ ಜಿತಲ್. ವರಹದ ತೂಕ ಸುಮಾರು 3.4 ಗ್ರಾಂ. ಹರಿಹರ, ಬುಕ್ಕರ ಕಾಲದಲ್ಲಿ ಅದರ ಮೇಲೆ ಹನುಮಂತನಿದ್ದ, ಕೃಷ್ಣದೇವರಾಯನ ಕಾಲದಲ್ಲಿ ಬಾಲಕೃಷ್ಣ ಬಂದ, ಅಚ್ಯುತರಾಯನ ಕಾಲದಲ್ಲಿ ಗಂಡಭೇರುಂಡ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ಚಿನ್ನದ ನಾಣ್ಯ ಭಾರತದ ಉದ್ದಗಲಕ್ಕೂ ನಡೆಯುತ್ತಿತ್ತೆಂದು ಬರೆದಿದ್ದಾನೆ. ಅದರ ಹಿರಿಮೆ ಇದ್ದದ್ದು ಆ ನಡಿಗೆಯಲ್ಲಿ. ವಿರಳವಾಗಲೆಂದು ಅದನ್ನು ಯಾರೂ ಅಚ್ಚು ಹಾಕಿಸಲಿಲ್ಲ. ಯುದ್ಧ, ಲೂಟಿ ಹಾಗೂ ಅಕ್ಕಸಾಲಿಗರ ಕುಲುಮೆಗಳು ಶತಮಾನಗಳ ಅವಧಿಯಲ್ಲಿ ಅದನ್ನು ವಿರಳಗೊಳಿಸಿದವು.

ಇಂದಿನ ಸೆಟ್‌ಗಳ ವಿರಳತೆ ಟಂಕಸಾಲೆಯಲ್ಲೇ ನಿರ್ಧಾರವಾಗುವಂಥದು. 1964ರಲ್ಲಿ ನೆಹರೂ ಸ್ಮರಣೆಗೆ ಬಂದ ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ನಾಣ್ಯ ಜನರ ಕೈಯಲ್ಲಿ ಓಡಾಡಿತ್ತು. ಈಗ ಹೊರಬರುವ ಬಹುತೇಕ ವಿಶೇಷ ನಾಣ್ಯಗಳು ಚಲಾವಣೆಗೆ ಬರುವುದೇ ಇಲ್ಲ. 2023ರಲ್ಲಿ ನೂತನ ಸಂಸತ್ ಭವನದ ಉದ್ಘಾಟನೆಗಾಗಿ ಬಂದ 75 ರೂಪಾಯಿ ನಾಣ್ಯವನ್ನೇ ನೋಡಿ. 35 ಗ್ರಾಂ ತೂಕ, ಅದರಲ್ಲಿ ಅರ್ಧದಷ್ಟು ಬೆಳ್ಳಿ. ಮಾರಾಟದ ಬೆಲೆ ಮೂರು ಸಾವಿರ ರೂಪಾಯಿಗೂ ಮೇಲೆ. ಬೆಳ್ಳಿ, ಕೆಲಸದ ನಯ, ಪೆಟ್ಟಿಗೆಗಳಿಗೆ ಬೆಲೆ ಇರಬೇಕಾದದ್ದೇ. ಆದರೆ ಸಂಗ್ರಾಹಕ ಇವೆಲ್ಲಕ್ಕಿಂತ ಹೆಚ್ಚಾಗಿ ಸಂಖ್ಯೆಗೆ ಹಣ ಕೊಡುತ್ತಾನೆ. ಆ ಸಂಖ್ಯೆಯೇ ಅವನಿಗೆ ತಿಳಿಯದಿದ್ದರೆ ಅವನು ಕೊಂಡದ್ದು ವದಂತಿಯನ್ನು.

ಸಂಖ್ಯೆಯನ್ನು ಘೋಷಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದಲ್ಲ. ಬ್ರಿಟನ್, ಅಮೆರಿಕಗಳ ಟಂಕಸಾಲೆಗಳು ಸೀಮಿತ ನಾಣ್ಯಗಳ ಗರಿಷ್ಠ ಸಂಖ್ಯೆಯನ್ನು ಮೊದಲೇ ಪ್ರಕಟಿಸುತ್ತವೆ. ಆದರೂ 2019ರಲ್ಲಿ ಅಮೆರಿಕದ ಟಂಕಸಾಲೆ ಕೇವಲ 30,000 ಸಂಖ್ಯೆಯಲ್ಲಿ ಮಾರಿದ ವಿಶೇಷ 'ಸಿಲ್ವರ್ ಈಗಲ್' ನಾಣ್ಯ ನಿಮಿಷಗಳಲ್ಲಿ ಮುಗಿದುಹೋಯಿತು. ಸುಮಾರು 66 ಡಾಲರಿನ ಆ ನಾಣ್ಯ ಮರುಮಾರಾಟದಲ್ಲಿ ಸಾವಿರ ಡಾಲರ್ ದಾಟಿತು. ಒಂದು ಮನೆಗೆ ಒಂದೇ ಎಂಬ ಮಿತಿಯೂ ಅದನ್ನು ತಡೆಯಲಿಲ್ಲ. ಮಿತಿ ಅತಿಯಾದಾಗ ಲಾಭ ಹವ್ಯಾಸಿಗೂ ಇಲ್ಲ, ಟಂಕಸಾಲೆಗೂ ಇಲ್ಲ. ಅದು ನಡುವಿನವನ ಪಾಲು.

ಇದು ಕೆಲವು ಹವ್ಯಾಸಿಗಳ ಖಾಸಗಿ ಗೊಣಗಾಟವಷ್ಟೇ ಎನ್ನುವವರಿರಬಹುದು. ನಮ್ಮ ಸೀಮೆಯಲ್ಲಿ ಹಾಗೆ ತಳ್ಳಿಹಾಕುವಂತಿಲ್ಲ. ಇಲ್ಲಿ ನಾಣ್ಯದ ಆಸೆ ನೆಲ ಅಗೆಯುವ ಆಸೆಯ ಪಕ್ಕದಲ್ಲೇ ಇದೆ. 2019ರ ಜುಲೈಯಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು ನಿಧಿಯಾಸೆಗೆ ಕೆಡವಿದ್ದನ್ನು ನಾವು ಮರೆಯುವಂತಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಆಡಳಿತಕ್ಕೆ ತಿಳಿಸಬೇಕೆಂಬ ಕಾನೂನು 1878ರಿಂದಲೂ ಇದೆ. ಆದರೆ ಕಾನೂನಿನ ಭಯವೊಂದೇ ಸಾಲದು. ಹಂಪಿಯ ಹುಡುಗನೊಬ್ಬನಿಗೆ ನಾಣ್ಯದ ಮೋಹ ಹತ್ತಿದರೆ, ಮೂಲ ಗೊತ್ತಿಲ್ಲದ ಹಳೆಯ ವರಹದ ಬದಲು ರಸೀದಿಯೊಂದಿಗೆ ಕೊಳ್ಳಬಹುದಾದ ಹೊಸ ನಾಣ್ಯವೊಂದು ಅವನ ಕೈಗೆ ಎಟುಕಬೇಕು. ಆ ಬಾಗಿಲನ್ನೇ ಮೂರು ಸಾವಿರ ರೂಪಾಯಿಯ ಎತ್ತರಕ್ಕೆ ಏರಿಸಿದರೆ ಅವನು ಎಲ್ಲಿಗೆ ಹೋಗಬೇಕು?

ಆದ್ದರಿಂದ ಆಗಬೇಕಾದದ್ದು ಮೂರು ಕೆಲಸ. ನಿಗದಿತ ಅವಧಿಯೊಳಗೆ ಹಣ ಕಟ್ಟಿದ ಪ್ರತಿಯೊಬ್ಬರಿಗೂ ಒಂದು ಸೆಟ್ ದೊರೆಯಬೇಕು. ಆಗ ಬೇಡಿಕೆಯೇ ಮಿತಿಯನ್ನು ನಿರ್ಧರಿಸುತ್ತದೆ. ಅವಧಿ ಮುಗಿದೊಡನೆ ಟಂಕಿಸಿದ ಒಟ್ಟು ಸಂಖ್ಯೆಯನ್ನು ಪ್ರಕಟಿಸಿ, ಅಚ್ಚನ್ನು ಮತ್ತೆ ಬಳಸುವುದಿಲ್ಲವೆಂದು ಹೇಳಬೇಕು. ಬಸವೇಶ್ವರರ ನಾಣ್ಯದಲ್ಲಿ ಮಾಡಿದಂತೆ ಪ್ರತಿ ವಿಶೇಷ ನಾಣ್ಯದ ಜತೆಗೂ ಚಲಾವಣೆಯ ನಾಣ್ಯವೊಂದು ಬರಬೇಕು. ಸಂಡೂರಿನ ಮಿತ್ರರಿಗೆ ಇದರಿಂದ ನಷ್ಟವೇನಿಲ್ಲ. ಖಚಿತ ಸಂಖ್ಯೆಯ ಆಧಾರವಿದ್ದ ಬೆಲೆ ವದಂತಿಯ ಬೆಲೆಗಿಂತ ಗಟ್ಟಿಯಾಗಿ ನಿಲ್ಲುತ್ತದೆ.

2017ರಲ್ಲಿ ಹೊಸ ಐವತ್ತು ರೂಪಾಯಿ ನೋಟಿನ ಹಿಂಬದಿಗೆ ಹಂಪಿಯ ಕಲ್ಲಿನ ರಥ ಬಂದಾಗ, ಅದನ್ನು ನೋಡಲು ಇಲ್ಲಿನ ಯಾರೂ ಮುಂಗಡ ಕಾಯ್ದಿರಿಸಬೇಕಾಗಿರಲಿಲ್ಲ. ಕಂಪ್ಲಿಯ ಶಿಕ್ಷಕರು ಆ ನೋಟನ್ನು ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸಿ ಪಾಠ ಮಾಡಿದರು. ಮಕ್ಕಳ ಕೈಗೆ ಬಾರದ ನಾಣ್ಯ ಯಾರ ಸ್ಮರಣೆಯನ್ನು ತಾನೇ ಉಳಿಸೀತು?