ಒಡಕು ದನಿಯ ಹಾಸ್ಯ

ಅಂತರ್ಜಾಲದ ಮೀಮುಗಳನ್ನು ನೋಡಿ ನಗದ ವಿದ್ಯಾರ್ಥಿ ಇಂದು ನಮ್ಮ ಕಾಲೇಜಿನಲ್ಲಿ ವಿರಳ. ನಗುವುದು ತಪ್ಪೆಂದು ವಾದಿಸುವ ಹಿರಿತನ ನನಗೆ ಬೇಡ. ಆದರೆ ಅವುಗಳಲ್ಲಿ ಒಂದು ಜಾತಿಯುಂಟು. ಹಾಡೊಂದು ಮೆಲ್ಲಗೆ ಸಾಗುತ್ತಿರುತ್ತದೆ. ಸರಿಯಾಗಿ ಕೇಳಿಸದೆ ನಾವು ಧ್ವನಿಯನ್ನು ಏರಿಸುತ್ತೇವೆ. ಮರುಕ್ಷಣವೇ ಅದೇ ಹಾಡು ಹರಿದು ಚೂರಾಗಿ ಕಿವಿಯೊಳಗೆ ಸಿಡಿಯುತ್ತದೆ. ಇದರ ವಿಷಯದಲ್ಲಿ ಎರಡು ಮಾತು ಆಡಬೇಕಾಗಿದೆ.

ದನಿಯನ್ನು ಕೆಡಿಸುವುದೇ ಅರಸಿಕತೆ ಎನ್ನುವವರ ಪಕ್ಷ ನನ್ನದಲ್ಲ. ಆರು ಸೆಕೆಂಡಿನ ಚಿತ್ರಗಳ 'ವೈನ್' ಎಂಬ ತಾಣ 2013ರಲ್ಲಿ ಹುಟ್ಟಿ 2017ರಲ್ಲಿ ಮುಚ್ಚಿತು. ಅಷ್ಟು ಅಲ್ಪಾವಕಾಶದಲ್ಲಿ ನಗಿಸಬೇಕಾದವನಿಗೆ ಥಟ್ಟನೆ ಮುಗಿಸುವ ಉಪಾಯವೊಂದು ಬೇಕಲ್ಲವೆ? ತಾಣ ಹೋದರೂ ಅದರ ಹೆಸರು ಹೊತ್ತ 'ವೈನ್ ಬೂಮ್' ಎಂಬ ಗುಡುಗು ಉಳಿಯಿತು. ಕನ್ನಡದ ಟ್ರೋಲ್ ಪುಟಗಳಲ್ಲಿ ಸಿನಿಮಾ ಸಂಭಾಷಣೆಯ ಬೆನ್ನಿಗೂ ಅದೇ ಗುಡುಗು. ಮಾತಿನ ಡಂಭವನ್ನು ಬಯಲು ಮಾಡುವುದರಲ್ಲಿ ಅದಕ್ಕೆ ಸಾಟಿಯಿಲ್ಲ. (ಕೆಲವು ಉಪನ್ಯಾಸಗಳಿಗೂ ಹೊಂದೀತು ಎನ್ನುವ ಮಿತ್ರರಿದ್ದಾರೆ, ಅಧ್ಯಾಪಕವರ್ಗ ಕ್ಷಮಿಸಬೇಕು.)

ಆದರೆ ಒಡಕು ಬೇರೆ, ಅಬ್ಬರ ಬೇರೆ. ಗಣಕಯಂತ್ರದಲ್ಲಿ ಧ್ವನಿಯೆಂದರೆ ಅಂಕಿಗಳ ಸಾಲು. 16 ಬಿಟ್ ಧ್ವನಿಮುದ್ರಣದಲ್ಲಿ ಆ ಅಂಕಿ 32,767ನ್ನು ಮೀರುವಂತಿಲ್ಲ. ಬಲವಂತದಿಂದ ಏರಿಸಿದರೆ ಅಲೆಯ ದುಂಡನೆಯ ನೆತ್ತಿ ಕತ್ತರಿಸಿಹೋಗಿ ಮಟ್ಟಸವಾಗುತ್ತದೆ. ಮೂಲದಲ್ಲಿಲ್ಲದ ಉಪಸ್ವರಗಳು ಹುಟ್ಟಿ ದನಿ ಗರಗಸದಂತಾಗುತ್ತದೆ. ಹೀಗೆ ಒಮ್ಮೆ ಒಡೆದ ದನಿ ಎಷ್ಟು ಮೆಲ್ಲಗೆ ನುಡಿಸಿದರೂ ಒಡಕಾಗಿಯೇ ಕೇಳುತ್ತದೆ. ಹಾಸ್ಯಕ್ಕೆ ಬೇಕಾದದ್ದು ಅಲ್ಲಿಗೇ ದೊರೆಯಿತು. ಇನ್ನು ಅಬ್ಬರ ಯಾರ ಸುಖಕ್ಕೆ?

ಕೇಳುವವನನ್ನು ಪುಸಲಾಯಿಸಿ, ಧ್ವನಿ ಏರಿಸುವಂತೆ ಮಾಡಿ, ಆಮೇಲೆ ಗುದ್ದುವುದು ವಂಚನೆ. ಕೂರುವವನ ಕುರ್ಚಿಯನ್ನು ಎಳೆಯುವ ಚೇಷ್ಟೆಗೂ ಇದಕ್ಕೂ ನನಗೆ ಭೇದ ಕಾಣದು. 85 ಡೆಸಿಬೆಲ್ ಶಬ್ದಕ್ಕೆ ದಿನಕ್ಕೆ 8 ಗಂಟೆಯೇ ಮಿತಿಯೆಂದೂ, ಮುಂದೆ ಪ್ರತಿ 3 ಡೆಸಿಬೆಲಿಗೆ ಆ ಅವಧಿ ಅರ್ಧವಾಗಬೇಕೆಂದೂ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸು. ಲೆಕ್ಕ ಹಾಕಿದರೆ 100 ಡೆಸಿಬೆಲಿಗೆ ಉಳಿಯುವುದು ಕಾಲು ಗಂಟೆ. ಒಂದು ಮೀಮಿನಿಂದ ಯಾರೂ ಕಿವುಡರಾಗರು, ನಿಜ. ಆದರೆ ಹಾಸ್ಟೆಲಿನಲ್ಲಿ ನಡುರಾತ್ರಿಯವರೆಗೆ ಇಯರ್‌ಫೋನ್ ತೊಟ್ಟು ಒಂದರ ಮೇಲೊಂದು ನೋಡುವವರಿಗೆ ಕಾಲು ಗಂಟೆ ತುಂಬುವುದು ಕಷ್ಟವಲ್ಲ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದೂ ಇಲ್ಲ.

ಆದುದರಿಂದ ಮೀಮು ತಯಾರಿಸುವ ಮಿತ್ರರು ದನಿಯನ್ನು ಬೇಕಾದಷ್ಟು ಒಡೆಯಲಿ. ಒಡೆದ ಮೇಲೆ ಅದನ್ನು ಮೊದಲಿನ ಮಟ್ಟಕ್ಕೆ ಇಳಿಸಲಿ. ಹಂಚುವವರು ಮೇಲೊಂದು ಸಾಲು ಎಚ್ಚರಿಕೆ ಬರೆಯಲಿ. ಹಾಗೆ ಬರೆದರೆ ರುಚಿ ಕೆಡುತ್ತದೆ ಎನ್ನುವವರು ತಮ್ಮ ಕಿವಿಗೇ ಮೊದಲು ಇಯರ್‌ಫೋನ್ ಸಿಕ್ಕಿಸಿಕೊಂಡು, ಧ್ವನಿಯನ್ನು ಪೂರ್ತಿ ಏರಿಸಿ ಕೇಳಿ, ಆಮೇಲೆ ನಮಗೆ ಕಳಿಸಲಿ.