ಡಲೇರ್ ಒಂಟಿಯಾಗಿರಲಿಲ್ಲ

ರುವಾಂಡಾ ನರಮೇಧದ ಕುರಿತ ಕಳೆದ ವಾರದ ಲೇಖನ, ವಿಶ್ವಸಂಸ್ಥೆಯ ಪಡೆಯೆಲ್ಲ ಓಡಿಹೋಗಿ ಕೆನಡಾದ ಜನರಲ್ ರೋಮಿಯೋ ಡಲೇರ್ ಒಬ್ಬರೇ ಉಳಿದರು ಎನ್ನುತ್ತದೆ. ಇದು ತಪ್ಪು ಮಾತ್ರವಲ್ಲ, ಅನ್ಯಾಯ ಕೂಡ.

ಅವರ ಪಕ್ಕದಲ್ಲೇ ಉಪದಂಡನಾಯಕರಾಗಿ ಇದ್ದವರು ಘಾನಾದ ಬ್ರಿಗೇಡಿಯರ್ ಹೆನ್ರಿ ಕ್ವಾಮಿ ಅನ್ಯಿಡೋಹೊ. 1994ರ ಏಪ್ರಿಲ್‌ನಲ್ಲಿ ಹತ್ತು ಯೋಧರನ್ನು ಕಳೆದುಕೊಂಡ ಬೆಲ್ಜಿಯಂ ಗಂಟುಮೂಟೆ ಕಟ್ಟಿತು. ಭದ್ರತಾ ಮಂಡಳಿ ಪಡೆಯನ್ನು 270ಕ್ಕೆ ಇಳಿಸಲು ನಿರ್ಧರಿಸಿತು. ಆ ದಿನಗಳಲ್ಲಿ ಪೂರ್ತಿ ಹಿಂದೆಗೆಯುವುದು ಬೇಡವೆಂದು ಪಟ್ಟು ಹಿಡಿದವರು ಅನ್ಯಿಡೋಹೊ. ರಾಜಧಾನಿ ಆಕ್ರಾದ ಒಪ್ಪಿಗೆಗೂ ಕಾಯದೆ, ತಮ್ಮ ಯೋಧರು ಉಳಿಯುತ್ತಾರೆ ಎಂದುಬಿಟ್ಟರು. ಸೇನಾಧಿಕಾರಿಯೊಬ್ಬನ ವೃತ್ತಿಯನ್ನೇ ಮುಗಿಸಬಹುದಾಗಿದ್ದ ಮಾತದು. ಘಾನಾ ಸರ್ಕಾರ ಅವರ ಬೆನ್ನಿಗೆ ನಿಂತಿತು.

ಮಂಡಳಿಯ ಮಿತಿಯನ್ನೂ ಮೀರಿ ಕೊನೆಗೆ ಉಳಿದ ಸುಮಾರು 450 ಮಂದಿಯಲ್ಲಿ ಬಹುಪಾಲು ಘಾನಾದವರೇ. ಜೊತೆಗೆ ಟುನೀಸಿಯಾದ ಸಣ್ಣ ತುಕಡಿ. ಸರಿಯಾದ ವಾಹನಗಳಿಲ್ಲ, ಭಾರೀ ಆಯುಧಗಳಿಲ್ಲ. ಆದರೂ ಕಿಗಾಲಿಯ ಅಮಹೊರೊ ಕ್ರೀಡಾಂಗಣದಲ್ಲಿ, ಮೆಟ್ಟಿಲುಗಳ ಮೇಲೂ ಮೈದಾನದಲ್ಲೂ ಒತ್ತೊತ್ತಾಗಿ ಕೂತಿದ್ದ ಸಾವಿರಾರು ನಿರಾಶ್ರಿತರಿಗೆ ಕಾವಲು ನಿಂತರು. ಅಲ್ಲಿಗೂ ಶೆಲ್‌ಗಳು ಬಿದ್ದವು.

ಅನ್ಯಿಡೋಹೊ ತಮ್ಮ ಅನುಭವವನ್ನು 'ಗನ್ಸ್ ಓವರ್ ಕಿಗಾಲಿ'ಯಲ್ಲಿ ಬರೆದಿದ್ದಾರೆ. ಮುಂದೆ ದಾರ್ಫರ್‌ನ ಶಾಂತಿಪಾಲನೆಯಲ್ಲೂ ಹಿರಿಯ ಹೊಣೆ ಹೊತ್ತರು. ಡಲೇರ್ ಕೂಡ ತಮ್ಮ ಪುಸ್ತಕದಲ್ಲಿ ಈ ಸಹೋದ್ಯೋಗಿಯನ್ನು ಮರೆತಿಲ್ಲ. ಲೇಖಕರು ಅದನ್ನೊಮ್ಮೆ ತೆರೆದು ನೋಡಿ, ಘಾನಾದ ಆ ಯೋಧರ ಹೆಸರನ್ನು ಮುಂದಿನ ಸಂಚಿಕೆಯಲ್ಲೇ ಸೇರಿಸಲಿ.