ಭಯಕ್ಕೂ ಲೆಕ್ಕವಿರಲಿ

ಪರಿಸರ ಚಳವಳಿಯಲ್ಲಿ ತೊಡಗಿಕೊಂಡವರಿಗೆ 'ಜನರಲ್ಲಿ ಭಯ ಹುಟ್ಟಿಸುವವರು' ಎಂಬ ಬಿರುದು ಹೊಸತಲ್ಲ. ಅಣೆಕಟ್ಟಿನ ಬಗ್ಗೆ ಕೇಳಿದರೂ, ಗಣಿಯ ಬಗ್ಗೆ ಕೇಳಿದರೂ, ಅಣುಸ್ಥಾವರದ ಬಗ್ಗೆ ಕೇಳಿದರೂ ಅಧಿಕಾರದ ಕುರ್ಚಿಯಿಂದ ಬರುವ ಮೊದಲ ಉತ್ತರ ಅದೇ. ಆದ್ದರಿಂದಲೇ ಭಯವೆಂಬುದನ್ನು ಕುರಿತು ನಾವು ಉಳಿದವರಿಗಿಂತ ಹೆಚ್ಚು ಜಾಗರೂಕತೆಯಿಂದ ಯೋಚಿಸಬೇಕಾಗಿದೆ. ಯಾವ ಭಯಕ್ಕೆ ಬುಡವಿದೆ, ಯಾವುದಕ್ಕಿಲ್ಲ ಎಂದು ಬೇರ್ಪಡಿಸುವ ವಿವೇಕವನ್ನು ಕಳೆದುಕೊಂಡ ದಿನ ನಮ್ಮ ನ್ಯಾಯವಾದ ಪ್ರಶ್ನೆಗಳೂ ಗದ್ದಲದಲ್ಲಿ ಮುಳುಗಿಹೋಗುತ್ತವೆ. ನಮ್ಮ ಬೆಟ್ಟಗಳಿಂದ ಬಹುದೂರದಲ್ಲಿ, ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಗಡಿಯಲ್ಲಿ ಕಟ್ಟಿದ ಒಂದು ಯಂತ್ರದ ಕಥೆ ಈ ವಿಷಯದಲ್ಲಿ ನಮಗೆ ಒಳ್ಳೆಯ ಪಾಠವಾಗಬಲ್ಲದು.

ಜಿನೀವಾ ನಗರದ ಸಮೀಪ, ನೆಲದಡಿ ಸುಮಾರು 100 ಮೀಟರ್ ಆಳದಲ್ಲಿ, 27 ಕಿಲೋಮೀಟರ್ ಸುತ್ತಳತೆಯ ಬಳೆಯಾಕಾರದ ಸುರಂಗವಿದೆ. ಸರ್ನ್ ಎಂಬ ಯುರೋಪಿನ ಸಂಶೋಧನಾ ಸಂಸ್ಥೆಯು ಅದರೊಳಗೆ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ ಎಂಬ ಯಂತ್ರವನ್ನು ನಿರ್ಮಿಸಿತು. ಪ್ರೋಟಾನ್ ಎಂಬ ಅತಿಸೂಕ್ಷ್ಮ ಕಣಗಳ ಎರಡು ಧಾರೆಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಓಡಿಸಿ, ಎದುರುಬದುರಾಗಿ ಡಿಕ್ಕಿ ಹೊಡೆಸಿ, ಹೊಮ್ಮುವ ಚೂರುಗಳಿಂದ ವಸ್ತುವಿನ ಮೂಲರಚನೆಯನ್ನು ತಿಳಿಯುವುದು ಅದರ ಉದ್ದೇಶ. 2008ರ ಸೆಪ್ಟೆಂಬರ್ 10ರಂದು ಈ ಸುರಂಗದಲ್ಲಿ ಮೊದಲ ಬಾರಿಗೆ ಪ್ರೋಟಾನ್ ಧಾರೆ ಪೂರ್ತಿ ಸುತ್ತು ಬಂದಿತು. 2012ರ ಜುಲೈ 4ರಂದು ಹಿಗ್ಸ್ ಕಣದ ಪತ್ತೆಯನ್ನು ಪ್ರಕಟಿಸಿದ್ದು ಇದೇ ಯಂತ್ರದ ಫಲ.

ಆದರೆ 2008ರಲ್ಲಿ ಜಗತ್ತಿನ ಬಹುಪಾಲು ಜನರ ಕಿವಿಗೆ ಬಿದ್ದದ್ದು ಇದಾವುದೂ ಅಲ್ಲ. ಆ ಡಿಕ್ಕಿಯಲ್ಲಿ ಸಣ್ಣ ಕಪ್ಪುಕುಳಿಗಳು ಹುಟ್ಟಿ ಭೂಮಿಯನ್ನೇ ನುಂಗಬಹುದು. ಅಥವಾ 'ಸ್ಟ್ರೇಂಜ್‌ಲೆಟ್' ಎಂಬ ವಿಚಿತ್ರ ವಸ್ತು ಹುಟ್ಟಿ, ಮುಟ್ಟಿದ್ದನ್ನೆಲ್ಲ ತನ್ನಂತೆಯೇ ಮಾರ್ಪಡಿಸಬಹುದು ಎಂಬ ಶಂಕೆ ಎಲ್ಲೆಡೆ ಹಬ್ಬಿತು. 2008ರ ಮಾರ್ಚ್‌ನಲ್ಲಿ ಅಮೆರಿಕದ ಹವಾಯಿಯ ನ್ಯಾಯಾಲಯದಲ್ಲಿ ವಾಲ್ಟರ್ ವ್ಯಾಗ್ನರ್ ಮತ್ತು ಲೂಯಿಸ್ ಸಾಂಚೋ ಎಂಬಿಬ್ಬರು ಯಂತ್ರವನ್ನು ತಡೆಯಬೇಕೆಂದು ದಾವೆ ಹೂಡಿದರು. ಆಗಸ್ಟ್‌ನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೂ ಮನವಿ ಹೋಯಿತು.

ನಮ್ಮ ದೇಶದಲ್ಲಿ ಹಲವು ಸುದ್ದಿವಾಹಿನಿಗಳು ಈ ಶಂಕೆಯನ್ನು ಪ್ರಳಯದ ಮುಹೂರ್ತವನ್ನಾಗಿ ಮಾಡಿ ದಿನವಿಡೀ ಬಿತ್ತರಿಸಿದವು. ಅದರ ಬೆಲೆ ತೆತ್ತವರು ವಿಜ್ಞಾನಿಗಳೂ ಅಲ್ಲ, ವಾಹಿನಿಗಳ ಮಾಲೀಕರೂ ಅಲ್ಲ. ಮಧ್ಯಪ್ರದೇಶದ ಹದಿನಾರರ ಹರೆಯದ ಹುಡುಗಿಯೊಬ್ಬಳು ಆ ವರದಿಗಳನ್ನು ನೋಡಿ ಕಂಗೆಟ್ಟು ಪ್ರಾಣ ಕಳೆದುಕೊಂಡಳೆಂದು ಆಕೆಯ ತಂದೆ ಹೇಳಿದ್ದು ಆಗ ಪತ್ರಿಕೆಗಳಲ್ಲಿ ವರದಿಯಾಯಿತು. ಲೆಕ್ಕವಿಲ್ಲದ ಭಯ ಹಾನಿಯಿಲ್ಲದ ಮನರಂಜನೆ ಎಂದು ಭಾವಿಸುವವರು ಈ ಸಾವನ್ನು ನೆನೆಯಬೇಕು.

ಹಾಗಾದರೆ ಆ ಭಯಕ್ಕೆ ಆಧಾರವಿತ್ತೇ? 'ತಜ್ಞರು ಹೇಳಿದ್ದಾರೆ, ನಂಬಿ' ಎಂಬ ಉತ್ತರ ನಮಗೆ ಸಾಲದು. ಮಲೆನಾಡಿನ ನಾವು ತಜ್ಞರ ಭರವಸೆಗಳನ್ನು ಸಾಕಷ್ಟು ಕಂಡವರು. ಕೈಗಾ ಅಣುಸ್ಥಾವರ ಸುರಕ್ಷಿತವೆಂದು ಹೇಳುತ್ತಿದ್ದಾಗಲೇ, 1994ರ ಮೇ ತಿಂಗಳಲ್ಲಿ, ನಿರ್ಮಾಣ ಹಂತದಲ್ಲಿದ್ದ ಅದರ ಗುಮ್ಮಟದ ಒಳಪದರ ಕುಸಿದುಬಿತ್ತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದಾಗಲೂ ಭಯಪಡಬೇಕಾಗಿಲ್ಲವೆಂದೇ ಹೇಳಲಾಗಿತ್ತು. ಕಾಸರಗೋಡಿನಲ್ಲಿಯೂ ದಕ್ಷಿಣ ಕನ್ನಡದಲ್ಲಿಯೂ ಮಕ್ಕಳು ಅನುಭವಿಸಿದ್ದನ್ನು ಕಂಡ ಮೇಲೆ, 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆ ವಿಷಕ್ಕೆ ತಡೆಯೊಡ್ಡಬೇಕಾಯಿತು. ಆದ್ದರಿಂದ ಭರವಸೆಯನ್ನು ಕೊಟ್ಟವರು ಯಾರೆಂದು ನೋಡಿದರೆ ಸಾಲದು. ಅದು ಯಾವ ಬಗೆಯ ಆಧಾರದ ಮೇಲೆ ನಿಂತಿದೆಯೆಂದು ನೋಡಬೇಕು.

ಕೃಷಿ ಸಂಶೋಧನೆಯಲ್ಲಿ ಹೊಸ ತಳಿಯೊಂದನ್ನು ರೈತರಿಗೆ ಕೊಡುವ ಮುನ್ನ ಹಲವು ಊರುಗಳಲ್ಲಿ, ಹಲವು ಹಂಗಾಮುಗಳಲ್ಲಿ ಪ್ರಯೋಗ ಮಾಡುತ್ತೇವೆ. ಪ್ರಯೋಗದ ತಾಕುಗಳು ಹೆಚ್ಚಿದಷ್ಟೂ, ವರ್ಷಗಳು ಹೆಚ್ಚಿದಷ್ಟೂ ನಂಬಿಕೆ ಗಟ್ಟಿಯಾಗುತ್ತದೆ. ಜಿನೀವಾದ ಪ್ರಯೋಗಕ್ಕೆ ಇಂತಹ ತಾಕು ಎಲ್ಲಿದೆ? ಅದು ನಮ್ಮ ತಲೆಯ ಮೇಲೆಯೇ ಇದೆ. ಬಾಹ್ಯಾಕಾಶದಿಂದ ಎಡೆಬಿಡದೆ ಸುರಿಯುತ್ತಿರುವ ವಿಶ್ವಕಿರಣಗಳು ವಾಯುಮಂಡಲದ ಪರಮಾಣುಗಳಿಗೆ ಬಡಿಯುತ್ತಲೇ ಇವೆ. ಅವುಗಳಲ್ಲಿ ಕೆಲವಂತೂ ಜಿನೀವಾದ ಯಂತ್ರದ ಡಿಕ್ಕಿಗಿಂತ ಬಹುಪಾಲು ಹೆಚ್ಚಿನ ತೀವ್ರತೆಯವು. ಭೂಮಿ ಹುಟ್ಟಿದಂದಿನಿಂದ ಅದರ ಮೇಲೆ ನಡೆದಿರುವ ಇಂತಹ ಡಿಕ್ಕಿಗಳು ಆ ಯಂತ್ರವು ತನ್ನ ಇಡೀ ಆಯುಷ್ಯದಲ್ಲಿ ಮಾಡಬಹುದಾದ ಪ್ರಯೋಗದ ಸುಮಾರು ಒಂದು ಲಕ್ಷ ಪಟ್ಟು ಎಂದು ಸರ್ನ್‌ನ ಸುರಕ್ಷತಾ ಪರಿಶೀಲನಾ ತಂಡ 2008ರಲ್ಲಿ ಲೆಕ್ಕ ಹಾಕಿತು. ಸುಮಾರು 450 ಕೋಟಿ ವರ್ಷಗಳ ಪ್ರಯೋಗ! ಭೂಮಿ ಉಳಿದಿದೆ, ಸೂರ್ಯನೂ ಉಳಿದಿದ್ದಾನೆ.

ವಿಶ್ವಕಿರಣಗಳೆಂದರೆ ವಿದೇಶಿ ಪುಸ್ತಕಗಳ ಮಾತೆಂದು ತಿಳಿಯಬೇಕಾಗಿಲ್ಲ. ಅವುಗಳ ಡಿಕ್ಕಿಯಿಂದ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವು 1965ರಲ್ಲಿ ದೊರೆತದ್ದು ನಮ್ಮದೇ ಕೋಲಾರದ ಚಿನ್ನದ ಗಣಿಯ ಆಳದಲ್ಲಿ, ಭಾರತ, ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಕೂಡಿ ನಡೆಸಿದ ಪ್ರಯೋಗದಲ್ಲಿ.

ಇಲ್ಲಿ ವಿರೋಧಿಗಳು ಎತ್ತಿದ ಪ್ರಶ್ನೆಯೊಂದು ನಿಜಕ್ಕೂ ತೂಕದ್ದಾಗಿತ್ತು. ವಿಶ್ವಕಿರಣದ ಡಿಕ್ಕಿಯಲ್ಲಿ ಹುಟ್ಟಿದ ವಸ್ತು ಅದೇ ವೇಗದಲ್ಲಿ ಭೂಮಿಯನ್ನು ತೂರಿಕೊಂಡು ಹೊರಟುಹೋಗಬಹುದು. ಯಂತ್ರದೊಳಗೆ ಎದುರುಬದುರಿನ ಡಿಕ್ಕಿಯಲ್ಲಿ ಹುಟ್ಟಿದ್ದು ನಿಧಾನವಾಗಿ ಇಲ್ಲಿಯೇ ಉಳಿದುಬಿಡಬಹುದಲ್ಲವೇ? ಈ ಪ್ರಶ್ನೆಯನ್ನು ತಳ್ಳಿಹಾಕದೆ ಸ್ಟೀವನ್ ಗಿಡಿಂಗ್ಸ್ ಮತ್ತು ಮಿಕೆಲಾಂಜೆಲೋ ಮಂಗಾನೋ ಎಂಬ ಭೌತವಿಜ್ಞಾನಿಗಳು 2008ರಲ್ಲಿ ವಿವರವಾದ ಉತ್ತರ ಬರೆದರು. ಶ್ವೇತಕುಬ್ಜ ಮತ್ತು ನ್ಯೂಟ್ರಾನ್ ತಾರೆಗಳ ವಸ್ತು ಭೂಮಿಗಿಂತ ಎಷ್ಟೋ ಪಟ್ಟು ಸಾಂದ್ರವಾದದ್ದು. ಅಂತಹ ವೇಗದ ಕಪ್ಪುಕುಳಿಯನ್ನೂ ಅದು ಹಿಡಿದು ನಿಲ್ಲಿಸಬಲ್ಲದು. ಭೂಮಿಗೆ ಅಪಾಯ ತರುವಷ್ಟು ಚುರುಕಾಗಿ ಅಂತಹ ಕಪ್ಪುಕುಳಿಗಳು ಬೆಳೆಯುವುದು ನಿಜವಾಗಿದ್ದರೆ ಆ ತಾರೆಗಳು ಎಂದೋ ನಾಶವಾಗಿರಬೇಕಿತ್ತು. ಅವು ಇಂದಿಗೂ ಆಕಾಶದಲ್ಲಿವೆ. ಪ್ರಶ್ನೆ ಹರಿತವಾಗಿದ್ದರಿಂದ ಉತ್ತರವೂ ಗಟ್ಟಿಯಾಯಿತೆಂಬುದನ್ನು ಗಮನಿಸಬೇಕು.

ಕೈಗಾಕ್ಕೂ ಎಂಡೋಸಲ್ಫಾನ್‌ಗೂ ಇದಕ್ಕೂ ಇರುವ ಅಂತರ ಇಷ್ಟೇ. ಗುಮ್ಮಟದ ಕಾಂಕ್ರೀಟನ್ನು ಪ್ರಕೃತಿ ಪರೀಕ್ಷಿಸಿರಲಿಲ್ಲ. ಎಂಡೋಸಲ್ಫಾನ್ ಕಾರ್ಖಾನೆಯಲ್ಲಿ ಹುಟ್ಟಿದ ಅಣು. ನಮ್ಮ ಹೊಳೆ, ಜೇನು, ತಾಯಂದಿರ ಎದೆಹಾಲು ಅದನ್ನು ಹಿಂದೆಂದೂ ಕಂಡಿರಲಿಲ್ಲ. ಅಲ್ಲಿ ಭರವಸೆಯ ಹಿಂದೆ ಇದ್ದದ್ದು ಮನುಷ್ಯರ ಅಂದಾಜು ಮಾತ್ರ. ಜಿನೀವಾದ ವಿಷಯದಲ್ಲಿ ಭರವಸೆಯ ಹಿಂದೆ ಪ್ರಕೃತಿಯದೇ ದೀರ್ಘಕಾಲದ ಪ್ರಯೋಗವಿತ್ತು.

ಮುಂದೆ ನಡೆದದ್ದನ್ನೂ ನೋಡೋಣ. ಮೊದಲ ಧಾರೆ ಸುತ್ತಿದ ಒಂಬತ್ತನೆಯ ದಿನ, ಸೆಪ್ಟೆಂಬರ್ 19ರಂದು, ನಿಜವಾದ ಅವಘಡವೊಂದು ಸಂಭವಿಸಿತು. ಎರಡು ಅತಿವಾಹಕ ಕಾಂತಗಳ ನಡುವಿನ ವಿದ್ಯುತ್ ಜೋಡಣೆಯೊಂದು ದೋಷಪೂರ್ಣವಾಗಿತ್ತು. ಅದು ಕರಗಿ, ಕಾಂತಗಳನ್ನು ತಂಪಾಗಿಡುವ ಹೀಲಿಯಂ ಸುಮಾರು 6 ಟನ್‌ನಷ್ಟು ಸೋರಿಹೋಯಿತು. ಐವತ್ತಕ್ಕೂ ಹೆಚ್ಚು ಕಾಂತಗಳನ್ನು ಹೊರತೆಗೆದು ದುರಸ್ತಿ ಮಾಡಬೇಕಾಯಿತು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ, ಆದರೆ ಯಂತ್ರ ಮತ್ತೆ ಚಾಲನೆಗೊಂಡದ್ದು 2009ರ ನವೆಂಬರ್‌ನಲ್ಲಿ. ಜಗತ್ತು ಕಪ್ಪುಕುಳಿಗಾಗಿ ಕಾದು ಕುಳಿತಿತ್ತು; ಕೈಕೊಟ್ಟದ್ದು ಒಂದು ಬೆಸುಗೆ. ಯಂತ್ರಗಳ ಅಪಾಯ ಬಹುಮಟ್ಟಿಗೆ ಇಂತಹ ಸಣ್ಣ, ಸಾಮಾನ್ಯ ಸ್ಥಳಗಳಲ್ಲಿಯೇ ಅಡಗಿರುತ್ತದೆ.

ಪರಿಸರದ ಹೊರೆಯೂ ಹಾಗೆಯೇ. ಸರ್ನ್ 2020ರಲ್ಲಿ ಪ್ರಕಟಿಸಿದ ತನ್ನ ಮೊದಲ ಪರಿಸರ ವರದಿಯ ಪ್ರಕಾರ, 2018ರಲ್ಲಿ ಅದರ ನೇರ ಹಸಿರುಮನೆ ಅನಿಲ ಹೊರಸೂಸುವಿಕೆ ಸುಮಾರು 1,90,000 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಅದರ ಬಹುಪಾಲು ಬಂದದ್ದು ಕಣಗಳನ್ನು ಪತ್ತೆಹಚ್ಚುವ ಉಪಕರಣಗಳಲ್ಲಿ ಬಳಸುವ ಫ್ಲೋರಿನ್‌ಯುಕ್ತ ಅನಿಲಗಳಿಂದ. ಅವುಗಳಲ್ಲೊಂದು ನಮ್ಮ ಮನೆಯ ಫ್ರಿಜ್ಜಿನಲ್ಲಿ, ಕಾರಿನ ಹವಾನಿಯಂತ್ರಕದಲ್ಲಿ ಬಳಕೆಯಾದ ಅನಿಲವೇ. ಪ್ರಳಯದ ಹೆಸರಿನಲ್ಲಿ ನ್ಯಾಯಾಲಯದ ಬಾಗಿಲು ಬಡಿದ ಕಾಲದಲ್ಲಿ ಈ ಸೋರಿಕೆಯ ಬಗ್ಗೆ ಸಾರ್ವಜನಿಕ ಚರ್ಚೆ ಎಷ್ಟು ನಡೆಯಿತು? ಹುಸಿಭಯ ಮಾಡುವ ದೊಡ್ಡ ಕೇಡು ಇದು: ಅದು ನಿಜವಾದ ಪ್ರಶ್ನೆಯ ಜಾಗವನ್ನು ಆಕ್ರಮಿಸಿಕೊಂಡು ಕುಳಿತುಬಿಡುತ್ತದೆ.

ಹಾಗೆಂದು ಅಂದಿನ ವಿರೋಧಿಗಳ ದೂರಿನಲ್ಲಿ ಹುರುಳೇ ಇರಲಿಲ್ಲವೆಂದು ಹೇಳಲಾಗದು. ಸುರಕ್ಷತೆಯನ್ನು ಪರಿಶೀಲಿಸಿದ ಐವರ ತಂಡದಲ್ಲಿ ಹೆಚ್ಚಿನವರು ಸರ್ನ್‌ಗೆ ಸೇರಿದವರೇ ಆಗಿದ್ದರು. ಹವಾಯಿಯ ನ್ಯಾಯಾಲಯ ದಾವೆಯನ್ನು ವಜಾ ಮಾಡಿದ್ದು ಅಪಾಯವಿಲ್ಲವೆಂಬ ತೀರ್ಮಾನದ ಮೇಲಲ್ಲ, ವಿಷಯ ತನ್ನ ಅಧಿಕಾರವ್ಯಾಪ್ತಿಗೆ ಬರುವುದಿಲ್ಲವೆಂಬ ಕಾರಣಕ್ಕೆ. ಇಡೀ ಭೂಮಿಗೆ ಸಂಬಂಧಿಸಿದ ಪ್ರಶ್ನೆಯನ್ನು ಭೂಮಿಯ ಸಾಮಾನ್ಯ ನಿವಾಸಿ ಯಾರ ಮುಂದೆ ಇಡಬೇಕು? ಯಂತ್ರವನ್ನು ಕಟ್ಟುವವರೇ ಅದರ ಸುರಕ್ಷತೆಗೆ ಸಾಕ್ಷಿ ನುಡಿಯುವ ಪದ್ಧತಿ, ಲೆಕ್ಕ ಸರಿಯಾಗಿದ್ದರೂ, ಒಳ್ಳೆಯ ಪದ್ಧತಿಯಲ್ಲ. ಪರಿಸರ ಪರಿಣಾಮ ವರದಿಯನ್ನು ಯೋಜನೆಯವರೇ ಹಣಕೊಟ್ಟು ಬರೆಸುವುದನ್ನು ಕಂಡ ನಮಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ವಿವೇಕ ನಮ್ಮ ಸಹ್ಯಾದ್ರಿಗೆ ಏಕೆ ಬೇಕು? ಭಾರತದ ನ್ಯೂಟ್ರಿನೋ ವೀಕ್ಷಣಾಲಯದ ಕಥೆಯನ್ನು ನೋಡಿ. ಇದು ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರವಲ್ಲ. ಬೆಟ್ಟದೊಳಗೆ ಕುಳಿತು ವಾಯುಮಂಡಲದಿಂದ ಬರುವ ನ್ಯೂಟ್ರಿನೋಗಳನ್ನು ಗಮನಿಸುವ ಯೋಜನೆ. ಮೊದಲು ನೀಲಗಿರಿಯ ಸಿಂಗಾರ, ಬಳಿಕ ತಮಿಳುನಾಡಿನ ಥೇಣಿ ಜಿಲ್ಲೆಯ ಬೋಡಿ ಬೆಟ್ಟಗಳು ಅದಕ್ಕೆ ಆಯ್ಕೆಯಾದವು. ನ್ಯೂಟ್ರಿನೋ ವಿಕಿರಣದಿಂದ ಊರು ಹಾಳಾಗುತ್ತದೆಂಬ ಮಾತು ಆ ಭಾಗದಲ್ಲಿ ಬಲವಾಗಿ ಹಬ್ಬಿತು. ಆದರೆ ಸೂರ್ಯನಿಂದ ಬರುವ ನ್ಯೂಟ್ರಿನೋಗಳೇ ನಮ್ಮ ಉಗುರಿನಷ್ಟಗಲದ ಜಾಗದಲ್ಲಿ ಪ್ರತಿ ಸೆಕೆಂಡಿಗೆ ಆರು ಸಾವಿರ ಕೋಟಿಗೂ ಮಿಕ್ಕಿ, ಯಾವ ಕುರುಹನ್ನೂ ಉಳಿಸದೆ, ಹಗಲೂ ರಾತ್ರಿಯೂ ಹಾದುಹೋಗುತ್ತಿವೆ. ಆ ಭಯಕ್ಕೆ ಬುಡವಿರಲಿಲ್ಲ.

ಬುಡವಿದ್ದ ಪ್ರಶ್ನೆಗಳು ಬೇರೆಯವು: ಸುಮಾರು ಎರಡು ಕಿಲೋಮೀಟರ್ ಸುರಂಗಕ್ಕಾಗಿ ಸಿಡಿಸುವ ಬಂಡೆ, ಹೊರತೆಗೆದ ಕಲ್ಲು ಮಣ್ಣಿನ ರಾಶಿ, ನೀರಿನ ಒರತೆಗಳು, ಆನೆ ಮತ್ತು ಹುಲಿಗಳ ಸಂಚಾರದ ಹಾದಿ. 2009ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಸಿಂಗಾರವನ್ನು ನಿರಾಕರಿಸಿದ್ದು ಮುದುಮಲೆ ಹುಲಿ ಮೀಸಲು ಪ್ರದೇಶದ ಸಾಮೀಪ್ಯದ ಕಾರಣಕ್ಕೆ. 2017ರಲ್ಲಿ ಹಸಿರು ನ್ಯಾಯಮಂಡಳಿ ಥೇಣಿಯ ಅನುಮತಿಯನ್ನು ತಡೆಹಿಡಿದಾಗಲೂ ಕೇರಳದ ಮತಿಕೆಟ್ಟಾನ್ ಶೋಲಾ ರಾಷ್ಟ್ರೀಯ ಉದ್ಯಾನ ಐದು ಕಿಲೋಮೀಟರಿನೊಳಗೆ ಇದ್ದದ್ದೇ ಮುಖ್ಯವಾಯಿತು. 2022ರಲ್ಲಿ ತಮಿಳುನಾಡು ಸರ್ಕಾರ ಸರ್ವೋಚ್ಚ ನ್ಯಾಯಾಲಯದ ಮುಂದೆ ಯೋಜನೆಯನ್ನು ವಿರೋಧಿಸುವಾಗ ಹುಲಿಗಳ ಹಾದಿಯನ್ನೇ ಮುಂದಿಟ್ಟಿತು. ಬೆಟ್ಟದ ಪರವಾಗಿ ನಿಂತು ಗೆದ್ದ ವಾದಗಳೆಲ್ಲ ಕಣ್ಣಿಗೆ ಕಾಣುವ, ಅಳೆಯಬಹುದಾದ ಸಂಗತಿಗಳ ಮೇಲೆ ನಿಂತವು. ವಿಕಿರಣದ ವದಂತಿಯನ್ನೇ ಮುಂದಿಟ್ಟಿದ್ದರೆ ಒಬ್ಬ ಭೌತವಿಜ್ಞಾನಿಯ ಅರ್ಧ ಗಂಟೆಯ ಸಾಕ್ಷ್ಯದಲ್ಲಿ ಎಲ್ಲವೂ ಕೊಚ್ಚಿಹೋಗುತ್ತಿತ್ತು. ಅದರೊಂದಿಗೆ ಹುಲಿಯ ಹಾದಿಯೂ.

ಇನ್ನು ಸರ್ನ್ ಮತ್ತೊಂದು ಯಂತ್ರದ ಯೋಜನೆಯನ್ನು ಮುಂದಿಟ್ಟಿದೆ. 2025ರ ಮಾರ್ಚ್ 31ರಂದು ಪ್ರಕಟವಾದ ಅದರ ಕಾರ್ಯಸಾಧ್ಯತಾ ವರದಿಯಂತೆ ಸುರಂಗದ ಸುತ್ತಳತೆ ಸುಮಾರು 91 ಕಿಲೋಮೀಟರ್, ಸರಾಸರಿ ಆಳ 200 ಮೀಟರ್, ವೆಚ್ಚದ ಅಂದಾಜು 1,500 ಕೋಟಿ ಸ್ವಿಸ್ ಫ್ರಾಂಕ್. ಈ ಬಾರಿ ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ಸ್ಥಳೀಯ ಪರಿಸರ ಗುಂಪುಗಳು ಕೇಳುತ್ತಿರುವುದು ಕಪ್ಪುಕುಳಿಯ ಪ್ರಶ್ನೆಯನ್ನಲ್ಲ. ಅಗೆದ ಮಣ್ಣನ್ನು ಎಲ್ಲಿ ಸುರಿಯುತ್ತೀರಿ, ಎಷ್ಟು ಕೃಷಿಭೂಮಿ ಹೋಗುತ್ತದೆ, ಎಷ್ಟು ವಿದ್ಯುತ್ತು ಮತ್ತು ನೀರು ಬೇಕು ಎಂದು ಅವರು ಕೇಳುತ್ತಿದ್ದಾರೆ. ಉತ್ತರಿಸದೆ ತಪ್ಪಿಸಿಕೊಳ್ಳಲಾಗದ ಪ್ರಶ್ನೆಗಳಿವು. ಶರಾವತಿ, ಕಾಳಿ, ಬೇಡ್ತಿ ಕಣಿವೆಗಳ ಜನ ದಶಕಗಳಿಂದ ಕೇಳುತ್ತ ಬಂದ ಪ್ರಶ್ನೆಗಳೂ ಇವೇ ಅಲ್ಲವೇ?

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ಮುಂದೊಂದು ದಿನ ನಿಮ್ಮ ಊರಿಗೆ ಯಾವುದೇ ಯೋಜನೆ ಬರಲಿ, ಅದರ ಅಪಾಯದ ಬಗ್ಗೆ ಮಾತು ಕಿವಿಗೆ ಬಿದ್ದಾಗ ಮೊದಲು ವಿಚಾರಿಸಿ: ಹಾನಿ ಯಾವ ದಾರಿಯಲ್ಲಿ, ಯಾವ ಹಂತಗಳನ್ನು ದಾಟಿ ನಮ್ಮವರೆಗೆ ಬರುತ್ತದೆ? ಅದನ್ನು ಪ್ರಕೃತಿಯಾಗಲಿ, ಬೇರೆ ಊರಾಗಲಿ ಈಗಾಗಲೇ ಪರೀಕ್ಷಿಸಿ ನೋಡಿದೆಯೇ? ಲೆಕ್ಕ ಮಾಡಿದವರು ಯಾರು, ಲೆಕ್ಕ ತಪ್ಪಿದರೆ ನಷ್ಟ ಅನುಭವಿಸುವವರು ಯಾರು? ಇವುಗಳಿಗೆ ಉತ್ತರ ಹುಡುಕಿದ ಮೇಲೆಯೂ ಉಳಿಯುವ ಭಯವಿದ್ದರೆ ಅದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಹೇಳಿ, ಬರೆದುಕೊಡಿ, ಉತ್ತರ ಬರುವವರೆಗೆ ಬಿಡಬೇಡಿ. ಅಂತಹ ಭಯ ಅಜ್ಞಾನವಲ್ಲ. ಅದು ನೆಲದ ಮೇಲೆ ಬದುಕುವವರ ಹಕ್ಕು.